ಇಟ್ಟಿಗೆಯೊಳಗೆ ಎಷ್ಟು ಯೂನಿಟ್?

ಕಳೆದ ಬೇಸಿಗೆಯಲ್ಲಿ ಅಲೀಪುರದ ಹತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: 'ಸಾರ್, ಅಜ್ಜಿಯ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ್ದೇವೆ. ರಾತ್ರಿ ಓದಲು ಕೂತರೆ ತಡೆಯಲಾಗದ ಸೆಕೆ. ಹಳೇ ಮನೆಯಲ್ಲಿ ಹೀಗಿರಲಿಲ್ಲವಲ್ಲ?'

ನಾನು ತಕ್ಷಣ ಮಾತಾಡಲಿಲ್ಲ. ಇಪ್ಪತ್ತು ವರ್ಷದ ಹಿಂದೆ ನಮ್ಮಪ್ಪ ಕಟ್ಟಿಸಿದ್ದ ಮಣ್ಣಿನ ಮನೆಯನ್ನು ನಾನೂ ಹೀಗೆಯೇ ಕೆಡವಿದವನು.

ಕಾರಣ ಕಷ್ಟದ್ದೇನಲ್ಲ. ನಾಲ್ಕೈದು ಅಂಗುಲದ ಕಾಂಕ್ರೀಟ್ ತಾರಸಿ ಹಗಲೆಲ್ಲ ಬಿಸಿಲಿಗೆ ಕಾದು, ಸಂಜೆಯಾದ ಮೇಲೆ ಆ ಶಾಖವನ್ನು ಮನೆಯೊಳಕ್ಕೆ ಬಿಡುತ್ತದೆ. ಮಾಳಿಗೆಯ ದಪ್ಪ ಮಣ್ಣನ್ನು ದಾಟಲು ಶಾಖಕ್ಕೆ ಹೆಚ್ಚು ಹೊತ್ತು ಬೇಕು. ಆದ್ದರಿಂದ ಹೊಸ ಮನೆಯಲ್ಲಿ ಫ್ಯಾನು ನಿಲ್ಲುವುದೇ ಇಲ್ಲ.

ಆದರೆ ಫ್ಯಾನು ತಿರುಗುವ ಮೊದಲೇ ಮನೆ ಬೇಕಾದಷ್ಟು ಶಕ್ತಿಯನ್ನು ನುಂಗಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಹುಟ್ಟಿತು. ಅಲ್ಲಿ ಕೆಲಸ ಮಾಡಿದ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಈ ಲೆಕ್ಕವನ್ನು ಪ್ರಕಟಿಸಿದರು. ಒಂದು ಸುಟ್ಟ ಇಟ್ಟಿಗೆಗೆ ಸುಮಾರು 4.25 ಮೆಗಾಜೌಲ್ ಶಕ್ತಿ ಬೇಕು. ಒಂದು ಯೂನಿಟ್ ವಿದ್ಯುತ್ ಎಂದರೆ 3.6 ಮೆಗಾಜೌಲ್. ಅಂದರೆ ಒಂದೇ ಇಟ್ಟಿಗೆಯ ಶಕ್ತಿ, 9 ವಾಟ್ ಎಲ್‌ಇಡಿ ಬಲ್ಬನ್ನು 130 ಗಂಟೆ ಉರಿಸುವಷ್ಟು! ಹತ್ತು ಸಾವಿರ ಇಟ್ಟಿಗೆಗೆ ಎಷ್ಟಾಯಿತು, ನೀವೇ ಗುಣಿಸಿ. ಗೂಡಿನಲ್ಲಿ ಉರಿಯುವುದು ಸೌದೆ, ಕಲ್ಲಿದ್ದಲು.

'ಅಸ್ತ್ರ' ತೋರಿಸಿದ ದಾರಿ ಬೇರೆ. ಮಣ್ಣಿಗೆ ಶೇ. 6ರಷ್ಟು ಸಿಮೆಂಟ್ ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ತೆಗೆದು, ಮೂರು ನಾಲ್ಕು ವಾರ ನೀರುಣಿಸಿದರೆ ಸಾಕು, ಸುಡುವ ಕೆಲಸವಿಲ್ಲ. ಎರಡೂವರೆ ಇಟ್ಟಿಗೆಯಷ್ಟು ದೊಡ್ಡದಾದ ಇಂಥ ಒಂದು ಬ್ಲಾಕಿಗೆ ತಗಲುವುದು 2.6 ಮೆಗಾಜೌಲ್ ಮಾತ್ರ. ಅದರಲ್ಲೂ ಹೆಚ್ಚಿನ ಪಾಲು ಸಿಮೆಂಟಿನದು.

ಹಾಗೆಂದು ಎಲ್ಲ ಮಣ್ಣೂ ಆಗದು. ಜೇಡಿ ಹೆಚ್ಚಿದ್ದರೆ ಬಿರುಕು ಬಿಡುತ್ತದೆ. ಕಲ್ಲಿನ ತಳಪಾಯ, ಗೋಡೆಗೆ ಮಳೆ ಎರಚದಂತೆ ಮುಂಚಾಚಿದ ಸೂರು ಬೇಕೇ ಬೇಕು.

ಮಕ್ಕಳೇ, ಒಂದು ಪ್ರಯೋಗ ಮಾಡಿ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ನಿಮ್ಮ ಹೊಲದ ಮಣ್ಣು ತುಂಬಿ, ನೀರು ಹಾಕಿ ಚೆನ್ನಾಗಿ ಕುಲುಕಿ. ರಾತ್ರಿಯಿಡೀ ಅಲುಗಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಮರಳು, ಅದರ ಮೇಲೆ ನಯವಾದ ಹೂಳು, ಎಲ್ಲಕ್ಕೂ ಮೇಲೆ ಜೇಡಿ ಕಾಣುತ್ತದೆ. ಮರಳೇ ಅರ್ಧಕ್ಕಿಂತ ಹೆಚ್ಚಿದ್ದರೆ ಒಳ್ಳೆಯ ಲಕ್ಷಣ.

ಆ ಬಾಟಲಿಯನ್ನು ಅಪ್ಪ ಅಮ್ಮನಿಗೂ ತೋರಿಸಿ. ಇಟ್ಟಿಗೆಗೆ ಮುಂಗಡ ಕೊಡುವ ಮೊದಲೇ ತೋರಿಸಿ. ನನಗೆ ಆಗ ಯಾರೂ ತೋರಿಸಿರಲಿಲ್ಲ.