ಇಟ್ಟಿಗೆಯ ಬಿರುಕು, ವಾದದ ಬಿರುಕು

ಅಹಮದಾಬಾದಿನ ವಸ್ತ್ರಾಪುರದಲ್ಲಿರುವ ಐಐಎಂ ತನ್ನ ಹಳೆಯ 18 ವಿದ್ಯಾರ್ಥಿ ನಿಲಯಗಳಲ್ಲಿ 14ನ್ನು ಕೆಡವಿ ಹೊಸದಾಗಿ ಕಟ್ಟಿಸಲು ಹೊರಟಿದೆ ಎಂಬ ಸುದ್ದಿ 2020ರ ಡಿಸೆಂಬರ್‌ನಲ್ಲಿ ಹೊರಬಿತ್ತು. ಅವು ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ವಿನ್ಯಾಸ ಮಾಡಿದ ಕೆಂಪಿಟ್ಟಿಗೆಯ ಕಟ್ಟಡಗಳು. ಬಿ.ವಿ. ದೋಶಿ, ಅನಂತ ರಾಜೆ ಅವರಂಥವರ ದುಡಿಮೆಯೂ ಅವುಗಳ ಹಿಂದೆ ಇದೆ. ದೇಶ ವಿದೇಶಗಳ ವಾಸ್ತುಶಿಲ್ಪಿಗಳು, ಹಳೆಯ ವಿದ್ಯಾರ್ಥಿಗಳು ದನಿಯೆತ್ತಿದರು. 2021ರ ಜನವರಿ 1ರಂದು ಸಂಸ್ಥೆ ಪ್ರಸ್ತಾವವನ್ನು ಹಿಂದಕ್ಕೆ ಪಡೆಯಿತು.

ಸಂಸ್ಥೆ ಮುಂದಿಟ್ಟ ಸಮರ್ಥನೆಯನ್ನು ನಾಲ್ಕು ಸಾಲಿಗೆ ಇಳಿಸಬಹುದು. ಕಟ್ಟಡಗಳ ಇಟ್ಟಿಗೆ ಉತ್ತಮ ದರ್ಜೆಯದಲ್ಲ. ಚಾವಣಿ ಸೋರುತ್ತಿದೆ, ಚಕ್ಕೆ ಬೀಳುತ್ತಿದೆ. 2001ರ ಭೂಕಂಪದ ಪೆಟ್ಟೂ ಬಿದ್ದಿದೆ. ಒಳಗಿರುವ ವಿದ್ಯಾರ್ಥಿಗಳ ಸುರಕ್ಷತೆಯೇ ಮುಖ್ಯ. ಆದ್ದರಿಂದ ಕೆಡವಿ ಕಟ್ಟಬೇಕು.

ಕೇಳಲು ಸರಿಯಾಗಿಯೇ ಇದೆ. ಆದರೆ ‘ಹಾಳಾಗಿದೆ’ ಎಂಬಲ್ಲಿಂದ ‘ಕೆಡವಬೇಕು’ ಎಂಬಲ್ಲಿಗೆ ಹೋಗುವ ದಾರಿಯಲ್ಲಿ ಒಂದು ಮಾತು ಹೇಳದೆ ಉಳಿದಿದೆ: ದುರಸ್ತಿ ಮಾಡಿದರೂ ಇವು ನೆಟ್ಟಗಾಗುವುದಿಲ್ಲ. ಈ ಮಾತಿಗೆ ಪುರಾವೆ ಇದ್ದರೆ ವಾದ ನಿಲ್ಲುತ್ತದೆ, ಇಲ್ಲದಿದ್ದರೆ ಕುಸಿಯುತ್ತದೆ. ಅದೇ ಆವರಣದಲ್ಲಿರುವ, ಕಾನ್ ಅವರೇ ರೂಪಿಸಿದ ವಿಕ್ರಮ್ ಸಾರಾಭಾಯ್ ಗ್ರಂಥಾಲಯವನ್ನು ಮುಂಬೈನ ಸೋಮಯ್ಯ ಆ್ಯಂಡ್ ಕಾಳಪ್ಪ ಸಂಸ್ಥೆ ಜೀರ್ಣೋದ್ಧಾರ ಮಾಡಿತ್ತು. ಆ ಕೆಲಸಕ್ಕೆ 2019ರಲ್ಲಿ ಯುನೆಸ್ಕೊದ ಏಷ್ಯಾ–ಪೆಸಿಫಿಕ್ ಪುರಸ್ಕಾರವೂ ಬಂದಿತ್ತು. ಕೆಡವುವ ವಾದವನ್ನು ಅಲುಗಾಡಿಸಿದ ಸಾಕ್ಷಿ ಐಐಎಂನ ಅಂಗಳದಲ್ಲೇ ನಿಂತಿತ್ತು.

ಹಾಗೆಂದು ಎದುರು ಪಕ್ಷ ಗೆದ್ದಂತಾಗಲಿಲ್ಲ. ‘ಗ್ರಂಥಾಲಯ ಉಳಿಯಿತು, ಆದ್ದರಿಂದ ನಿಲಯಗಳೂ ಉಳಿಯುತ್ತವೆ’ ಎಂಬ ಮಾತಿನಲ್ಲೂ ಒಂದು ಊಹೆ ಅಡಗಿದೆ. ಎರಡೂ ಬಗೆಯ ಕಟ್ಟಡಗಳ ಹಾನಿ ಒಂದೇ ತರಹದ್ದು ಎನ್ನುವುದೇ ಆ ಊಹೆ. ಗ್ರಂಥಾಲಯದಲ್ಲಿ ಓದುತ್ತಾರೆ, ನಿಲಯದಲ್ಲಿ ಮಲಗುತ್ತಾರೆ, ಸ್ನಾನ ಮಾಡುತ್ತಾರೆ, ಗೋಡೆಯ ಒಳಗೆ ನೀರಿನ ಕೊಳವೆ ಓಡುತ್ತದೆ. 2022ರ ನವೆಂಬರ್‌ನಲ್ಲಿ ಸಂಸ್ಥೆ ತಜ್ಞರ ತಾಂತ್ರಿಕ ವರದಿಗಳನ್ನು ಮುಂದಿಟ್ಟು, ಕೆಲವು ಕಟ್ಟಡಗಳನ್ನು ಮರಳಿ ಕಟ್ಟುವುದಾಗಿ ಮತ್ತೊಮ್ಮೆ ಪ್ರಕಟಿಸಿತು. ತೀರ್ಮಾನ ಹಳೆಯದರ ಹತ್ತಿರದ್ದೇ ಆದರೂ ವಾದ ಬೇರೆ. ಈ ಸಲ ಬಿಟ್ಟುಹೋದ ಕೊಂಡಿಯನ್ನು ತುಂಬುವ ಪ್ರಯತ್ನವಿತ್ತು. ಆದ್ದರಿಂದ ವಿಮರ್ಶೆಯೂ ಆ ವರದಿಗಳನ್ನು ಕುರಿತೇ ನಡೆಯಬೇಕಿತ್ತು. ಒಂದು ವಾದ ದುರ್ಬಲವಾದ ಮಾತ್ರಕ್ಕೆ ಅದರ ತೀರ್ಮಾನ ಸುಳ್ಳಾಗುವುದಿಲ್ಲ. ಟಿ.ವಿ. ಚರ್ಚೆಗಳಲ್ಲಿ ದಿನವೂ ಮರೆಯಾಗುವ ಪಾಠ ಇದು.

ಸಣ್ಣ ವಾದವೊಂದನ್ನು ಹೀಗೆ ಬಿಡಿಸಿ ನೋಡುವ ಕೌಶಲವೇ ಇಂದು ದೊಡ್ಡ ದೊಡ್ಡ ಪ್ರವೇಶ ಪರೀಕ್ಷೆಗಳ ಸರಕು. ವಿದೇಶದ ಮ್ಯಾನೇಜ್‌ಮೆಂಟ್ ಶಾಲೆಗಳಿಗೆ ಬೇಕಾದ ಜಿಮ್ಯಾಟ್‌ನಲ್ಲಿ ಇದಕ್ಕೆಂದೇ ಪ್ರಶ್ನೆಗಳಿವೆ. ಕಾನೂನು ವಿಶ್ವವಿದ್ಯಾಲಯಗಳ ಕ್ಲ್ಯಾಟ್ 2020ರಲ್ಲಿ ರೂಪ ಬದಲಿಸಿ, ತರ್ಕದ ಪ್ರಶ್ನೆಗಳನ್ನು ಗದ್ಯಭಾಗಗಳ ಮೇಲೆ ನಿಲ್ಲಿಸಿತು. ಅಮೆರಿಕದ ಎಲ್‌ಸ್ಯಾಟ್ 2024ರ ಆಗಸ್ಟ್‌ನಲ್ಲಿ ಒಗಟಿನಂಥ ಪ್ರಶ್ನೆಗಳ ಭಾಗವನ್ನೇ ಕೈಬಿಟ್ಟು, ಆ ಜಾಗವನ್ನೂ ವಾದಗಳ ವಿಶ್ಲೇಷಣೆಗೆ ಕೊಟ್ಟಿತು. ಯುಪಿಎಸ್‌ಸಿಯ ಪ್ರಿಲಿಮ್ಸ್‌ಗೆ 2011ರಲ್ಲಿ ಸೇರಿದ ಸಿಸ್ಯಾಟ್‌ನಲ್ಲಿ, ಗದ್ಯಭಾಗವೊಂದನ್ನು ಕೊಟ್ಟು ‘ಇದರಿಂದ ಯಾವ ಊಹೆಯನ್ನು ಮಾಡಬಹುದು’ ಎಂದು ಕೇಳುವುದು ಅಭ್ಯರ್ಥಿಗಳ ನಿದ್ದೆಗೆಡಿಸುವ ಪ್ರಶ್ನೆ. 2015ರಿಂದ ಅದರಲ್ಲಿ ಶೇ 33 ಅಂಕ ಪಡೆದರೆ ಸಾಕು ಎಂದಾಗಿದ್ದರೂ ಆ ಪತ್ರಿಕೆಯಲ್ಲಿ ಎಡವುವವರಿದ್ದಾರೆ. ವಸ್ತ್ರಾಪುರದ ಬಾಗಿಲು ತೆರೆಯುವ ಕ್ಯಾಟ್‌ನಲ್ಲಿಯೂ ಉದ್ದದ ಗದ್ಯವನ್ನು ಓದಿ, ಬರೆದವರ ವಾದ ಏನು, ಅದು ಎಲ್ಲಿ ನಿಂತಿದೆ ಎಂದು ಹಿಡಿಯದೆ ಗತಿಯಿಲ್ಲ.

ತೊಡಕಿರುವುದು ತಯಾರಿಯ ಬಗೆಯಲ್ಲಿ. ಸಿಸ್ಯಾಟ್‌ನಲ್ಲಿ ಎರಡು ಗಂಟೆಗೆ 80 ಪ್ರಶ್ನೆ. ಒಂದಕ್ಕೆ ಒಂದೂವರೆ ನಿಮಿಷ. ಜಿಮ್ಯಾಟ್‌ನ ಭಾಷಾ ವಿಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ. ಇಷ್ಟು ಅವಸರದಲ್ಲಿ ಕೋಚಿಂಗ್ ಕೇಂದ್ರಗಳು ಕಲಿಸುವುದು ಆಯ್ಕೆಗಳನ್ನು ಹೊಡೆದುಹಾಕುವ ಉಪಾಯವನ್ನು. ‘ಯಾವಾಗಲೂ’, ‘ಮಾತ್ರ’ ಎಂಬ ಪದಗಳಿದ್ದರೆ ಅನುಮಾನಪಡು, ಗದ್ಯದಲ್ಲಿಲ್ಲದ ಸಂಗತಿ ಬಂದರೆ ಬಿಡು ಎಂಬ ಸೂತ್ರಗಳನ್ನು. ಅಂಕ ಗಳಿಸಲು ಇವು ನೆರವಾಗುತ್ತವೆ. ಆದರೆ ವಾದದಲ್ಲಿ ಹೇಳದೆ ಬಿಟ್ಟ ಮಾತು ಯಾವುದು ಎಂಬುದನ್ನು ಪ್ರಶ್ನೆಪತ್ರಿಕೆ ತಯಾರಿಸಿದವರೇ ನಾಲ್ಕೈದು ಆಯ್ಕೆಗಳಲ್ಲಿ ಒಂದಾಗಿ ಬರೆದುಕೊಟ್ಟಿರುತ್ತಾರೆ. ಬದುಕಿನಲ್ಲಿ ಎದುರಾಗುವ ವಾದಗಳಿಗೆ ಆಯ್ಕೆಗಳ ಪಟ್ಟಿ ಇರುವುದಿಲ್ಲ. ಅಲ್ಲಿ ಆ ವಾಕ್ಯವನ್ನು ಓದುಗರೇ ಬರೆಯಬೇಕು. ಅಭ್ಯಾಸ ಬೇಕಾಗಿರುವುದು ಆ ಬರೆಯುವಿಕೆಗೆ.

ಅದಕ್ಕೆ ಒಳ್ಳೆಯ ಸಾಮಗ್ರಿ ಗೈಡುಗಳಿಗಿಂತ ಊರಿನ ಚರ್ಚೆಗಳಲ್ಲೇ ಹೆಚ್ಚು ಸಿಗುತ್ತದೆ. 2004ರ ಫೆಬ್ರುವರಿಯಲ್ಲಿ ಆಗಿನ ಮಾನವ ಸಂಪನ್ಮೂಲ ಸಚಿವ ಮುರಳಿ ಮನೋಹರ ಜೋಶಿ, ಐಐಎಂಗಳ ವಾರ್ಷಿಕ ಶುಲ್ಕವನ್ನು ಸುಮಾರು ಒಂದೂವರೆ ಲಕ್ಷದಿಂದ 30 ಸಾವಿರಕ್ಕೆ ಇಳಿಸಲು ಆದೇಶಿಸಿದರು. ಅಹಮದಾಬಾದ್ ಐಐಎಂನ ಆಡಳಿತ ಮಂಡಳಿಯ ಅಧ್ಯಕ್ಷತೆ ಆಗ ಇನ್ಫೊಸಿಸ್‌ನ ಎನ್.ಆರ್. ನಾರಾಯಣ ಮೂರ್ತಿ ಅವರದು. ವಿವಾದ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಅದೇ ವರ್ಷ ಕೇಂದ್ರದಲ್ಲಿ ಸರ್ಕಾರ ಬದಲಾದ ಮೇಲೆ ಆದೇಶ ಬಿದ್ದುಹೋಯಿತು.

ಎರಡು ಬದಿಯ ವಾದಗಳನ್ನೂ ಒಂದೊಂದು ಸಾಲಿನಲ್ಲಿ ಹೇಳಬಹುದು. ಸರ್ಕಾರದ್ದು: ಶುಲ್ಕ ದುಬಾರಿ, ಇಳಿಸಿದರೆ ಬಡವರಿಗೆ ಬಾಗಿಲು ತೆರೆಯುತ್ತದೆ. ಸಂಸ್ಥೆಗಳ ಪರ ನಿಂತವರದ್ದು: ಬ್ಯಾಂಕ್ ಸಾಲ, ವಿದ್ಯಾರ್ಥಿವೇತನ ಇವೆ, ಸೀಟು ಸಿಕ್ಕವರು ಹಣವಿಲ್ಲದೆ ಬಿಟ್ಟುಹೋದದ್ದಿಲ್ಲ, ಆದ್ದರಿಂದ ಶುಲ್ಕ ಅಡ್ಡಿಯಲ್ಲ. ಮೊದಲನೆಯದು ಶುಲ್ಕವೇ ದೊಡ್ಡ ಅಡ್ಡಿ ಎಂದು ನಂಬಿದೆ. ಇಂಗ್ಲಿಷ್‌ನಲ್ಲಿ ಮಾತ್ರ ನಡೆಯುವ ಪ್ರವೇಶ ಪರೀಕ್ಷೆ, ಅದಕ್ಕೆ ಬೇಕಾದ ಕೋಚಿಂಗ್ ಖರ್ಚು ಅದರ ಲೆಕ್ಕದಲ್ಲಿಲ್ಲ. ಎರಡನೆಯದು ಸೀಟು ಸಿಕ್ಕವರನ್ನಷ್ಟೇ ಎಣಿಸಿದೆ. ಶುಲ್ಕದ ಮೊತ್ತ ಕೇಳಿಯೇ ಅರ್ಜಿ ಹಾಕದವರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಎರಡು ವರ್ಷದ ಶುಲ್ಕ 20 ಲಕ್ಷ ರೂಪಾಯಿ ದಾಟಿರುವ ಇಂದೂ ಈ ಎರಡು ಖಾಲಿ ಜಾಗಗಳನ್ನು ತುಂಬದೆ ಚರ್ಚೆ ಮುಂದಕ್ಕೆ ಹೋಗದು.

ಸೂರತ್‌ನ ಕಥೆ ಕರ್ನಾಟಕದ ಓದುಗರಿಗೆ ಇನ್ನಷ್ಟು ಹತ್ತಿರದ್ದು. 1994ರ ಸೆಪ್ಟೆಂಬರ್‌ನಲ್ಲಿ ಪ್ಲೇಗ್ ಭೀತಿಗೆ ಲಕ್ಷಾಂತರ ಜನ ಆ ನಗರ ಬಿಟ್ಟು ಓಡಿದರು. 1995ರಲ್ಲಿ ಪಾಲಿಕೆ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ಒಂದೆರಡು ವರ್ಷದಲ್ಲೇ ಊರಿನ ಚಹರೆ ಬದಲಿಸಿದರು. ಅಂದಿನಿಂದ ಒಂದು ವಾದ ದೇಶದ ಉದ್ದಗಲಕ್ಕೂ ಓಡಾಡುತ್ತಿದೆ: ಖಡಕ್ ಅಧಿಕಾರಿ ಬಂದರು, ಸೂರತ್ ಸ್ವಚ್ಛವಾಯಿತು, ಬೆಂಗಳೂರಿಗೂ ಅಂಥವರೊಬ್ಬರು ಸಾಕು. ರಾವ್ ಅವರ ಕೆಲಸ ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಪ್ಲೇಗಿನ ಭಯ ಜನರನ್ನು ಆಗ ಯಾವುದಕ್ಕೂ ಒಪ್ಪುವ ಸ್ಥಿತಿಗೆ ತಂದಿತ್ತು. ಬಟ್ಟೆ ವ್ಯಾಪಾರದ ಆ ನಗರದ ಪಾಲಿಕೆಗೆ ಆಕ್ಟ್ರಾಯ್‌ನ, ಅಂದರೆ ಊರಿಗೆ ಬರುವ ಸರಕಿನ ಮೇಲಿನ ತೆರಿಗೆಯ, ಆದಾಯವಿತ್ತು. ಮುಖ್ಯವಾಗಿ, ಅವರು ವರ್ಗವಾಗಿ ಹೋದ ಎಷ್ಟೋ ವರ್ಷಗಳ ಮೇಲೆ, 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಸೂರತ್ ಇಂದೋರ್ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. ಒಬ್ಬರೇ ಕಾರಣವಾಗಿದ್ದರೆ ಅವರು ಹೋದ ಮೇಲೆ ಫಲ ಉಳಿಯಬಾರದಿತ್ತು. ಉಳಿದದ್ದನ್ನು ನೋಡಿದರೆ, ಅವರು ಬಿಟ್ಟುಹೋದ ವ್ಯವಸ್ಥೆಯ ಕಡೆ ಕಣ್ಣು ಹಾಯಿಸಬೇಕಾಗುತ್ತದೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಮಾತನ್ನು ಕನ್ನಡದ ಹಳ್ಳಿಗರು ಎಂದೋ ಕಂಡುಕೊಂಡಿದ್ದಾರೆ. ಆದರೆ ಎಲ್ಲವನ್ನೂ ಕಾಕತಾಳೀಯವೆಂದು ತಳ್ಳಿಹಾಕುವುದೂ ಎಲ್ಲಕ್ಕೂ ಒಬ್ಬರನ್ನೇ ಕಾರಣ ಮಾಡುವಷ್ಟೇ ಸೋಮಾರಿತನ. ಕಾರಣವಿದೆಯೇ ಇಲ್ಲವೇ ಎಂದು ಅಳೆಯಲು ಬರುತ್ತದೆ ಎಂಬುದಕ್ಕೂ ಅಹಮದಾಬಾದಿನಲ್ಲೇ ಉದಾಹರಣೆಯಿದೆ.

2010ರ ಮೇ ತಿಂಗಳಲ್ಲಿ ಅಲ್ಲಿ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಒಂದೇ ತಿಂಗಳಲ್ಲಿ ಮಾಮೂಲಿಗಿಂತ 1,344 ಸಾವುಗಳು ಹೆಚ್ಚಾಗಿದ್ದವು ಎಂದು ಸಂಶೋಧಕರು ಆಮೇಲೆ ಲೆಕ್ಕ ಹಾಕಿದರು. 2013ರಲ್ಲಿ ಪಾಲಿಕೆ, ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ಇತರರು ಸೇರಿ ಬಿಸಿಗಾಳಿ ಎದುರಿಸುವ ಕ್ರಿಯಾಯೋಜನೆ ತಂದರು. ದಕ್ಷಿಣ ಏಷ್ಯಾದ ಯಾವ ನಗರದಲ್ಲೂ ಅಂಥದ್ದು ಅದಕ್ಕೆ ಮುಂಚೆ ಇರಲಿಲ್ಲ. ಈಗ ಯಾರಾದರೂ ‘ಈ ವರ್ಷ ಆಸ್ಪತ್ರೆಗಳು ದಾಖಲಿಸಿದ ಬಿಸಿಲಾಘಾತದ ಸಾವು ಬೆರಳೆಣಿಕೆಯಷ್ಟು, 2010ರಲ್ಲಿ 1,344, ಆದ್ದರಿಂದ ಯೋಜನೆ ಗೆದ್ದಿತು’ ಎಂದರೆ ಒಪ್ಪಬೇಕೇ? ಬೇಡ. ಮೊದಲನೆಯದು ವೈದ್ಯರು ಬಿಸಿಲಾಘಾತವೆಂದು ಬರೆದ ಸಾವುಗಳ ಎಣಿಕೆ. ಎರಡನೆಯದು ಎಲ್ಲ ಕಾರಣಗಳ ಸಾವುಗಳಲ್ಲಿ ಆದ ಏರಿಕೆ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನ ಈ ತಪ್ಪು ಮಾಡಲಿಲ್ಲ. ಯೋಜನೆಗೆ ಮುಂಚಿನ 2007–2010ರ ಅವಧಿಯಲ್ಲಿ ಇಷ್ಟಿಷ್ಟು ಉಷ್ಣಾಂಶಕ್ಕೆ ಎಷ್ಟೆಷ್ಟು ಸಾವು ಸಂಭವಿಸುತ್ತಿತ್ತು, 2014–15ರಲ್ಲಿ ಅಷ್ಟೇ ಬಿಸಿಗೆ ಎಷ್ಟು ಎಂದು ಹೋಲಿಸಿತು. ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿರಬಹುದು ಎಂಬ ಅಂದಾಜು ಹೊರಬಂತು. ಇದೂ ಅಂದಾಜೇ, ಆ ವರ್ಷಗಳಲ್ಲಿ ನಗರದಲ್ಲಿ ಬೇರೆ ಬದಲಾವಣೆಗಳೂ ಆಗಿದ್ದಿರಬಹುದು. ಆದರೂ ‘ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು’ ಎಂಬ ಪ್ರಶ್ನೆಯನ್ನು ಎದುರಿಸಿದ ವಾದಕ್ಕೆ ತೂಕ ಹೆಚ್ಚು.

ಭಾರತೀಯ ತರ್ಕಶಾಸ್ತ್ರಕ್ಕೆ ಈ ಕಸರತ್ತು ಹೊಸದಲ್ಲ. ನ್ಯಾಯ ದರ್ಶನ ವಾದವನ್ನು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂದು ಐದು ಅಂಗಗಳಾಗಿ ಬಿಡಿಸುತ್ತದೆ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎನ್ನಬಹುದು. ಬೆಂಕಿಯಿದೆ, ಆದ್ದರಿಂದ ಹೊಗೆಯಿದೆ ಎನ್ನಲಾಗದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಎದ್ದು ಕಾಣದ ಈ ಷರತ್ತನ್ನು ನೈಯಾಯಿಕರು ಉಪಾಧಿ ಎಂದರು. ಸೂರತ್‌ನ ವಾದದಲ್ಲಿ ಪ್ಲೇಗಿನ ಭಯವನ್ನು ಹುಡುಕುವುದೂ ಇಂಥದೇ ಕೆಲಸ. 17ನೇ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ ಓದಿದ ಸಂಸ್ಕೃತ ಪಾಠಶಾಲೆಯ ಹುಡುಗರಿಗೆ ಇದು ಬಾಯಿಪಾಠ. ಬಾಯಿಪಾಠವಾಗಿಯೇ ಉಳಿದದ್ದು, ದಿನನಿತ್ಯದ ಮಾತಿಗೆ ಇಳಿಯದೇ ಹೋದದ್ದು ನಷ್ಟ.

ಇಳಿಸಿದವರೂ ಇದ್ದಾರೆ. 1951ರಲ್ಲಿ ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಲು ಹೋದ ಮೈಸೂರಿನ ಎಂ.ಎನ್. ಶ್ರೀನಿವಾಸ್ ಅದಕ್ಕೆ ಮುಂಚೆ, 1948ರಲ್ಲಿ, ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದ್ದರು. ಗ್ರಂಥಗಳಲ್ಲಿ ಜಾತಿ ಹೀಗಿದೆ, ಆದ್ದರಿಂದ ಸಮಾಜದಲ್ಲೂ ಹೀಗೆಯೇ ಇದೆ ಎಂಬ ಆಗಿನ ವಾದಕ್ಕೆ ಅವರು ಹಳ್ಳಿಯ ದಿನಚರಿಯನ್ನು ಎದುರಿಟ್ಟರು. ಜನ ಗ್ರಂಥದಂತೆಯೇ ಬದುಕುತ್ತಾರೆ ಎಂಬ ಬಚ್ಚಿಟ್ಟ ಊಹೆ ಅಲ್ಲಿ ಬಯಲಾಯಿತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನು ಪರಿಶೀಲಿಸುವ ಸಮಿತಿ ರಚಿಸಿದಾಗ ಕೇಳಿದ್ದೂ, ಹೇಳಿಕೆಗೆ ಪುರಾವೆ ಕೊಡಿ ಎಂಬ ಸರಳ ಬೇಡಿಕೆಯನ್ನೇ. ಸಂವಿಧಾನಕ್ಕೆ 51ಎ ವಿಧಿ ಸೇರಿ, ವೈಜ್ಞಾನಿಕ ಮನೋಭಾವ ನಾಗರಿಕರ ಮೂಲಭೂತ ಕರ್ತವ್ಯವಾದದ್ದು ಅದೇ ವರ್ಷ ಅಂಗೀಕಾರವಾದ 42ನೇ ತಿದ್ದುಪಡಿಯಿಂದ.

ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಈ ಅಭ್ಯಾಸ ಸಿಗುವುದು ಪದವಿ ಮುಗಿಸಿ, ಇಂಗ್ಲಿಷ್ ಗೈಡು ಕೊಂಡ ಮೇಲೆ. ಕ್ಯಾಟ್ ಕನ್ನಡದಲ್ಲಿಲ್ಲ, ಸಿಸ್ಯಾಟ್ ಹಿಂದಿ, ಇಂಗ್ಲಿಷ್‌ಗಳಲ್ಲಿದೆ. ಆ ಪರೀಕ್ಷೆಗಳ ಭಾಷೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಪ್ರೌಢಶಾಲೆಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಅಪಠಿತ ಗದ್ಯವೊಂದನ್ನು ಕೊಟ್ಟು ಪ್ರಶ್ನೆ ಕೇಳುವ ಪದ್ಧತಿ ಮೊದಲಿನಿಂದ ಇದೆ. ಬಹುಪಾಲು ಪ್ರಶ್ನೆಗಳಿಗೆ ಉತ್ತರ ಗದ್ಯದಲ್ಲೇ ಸಿದ್ಧವಾಗಿರುತ್ತದೆ. ಮಕ್ಕಳು ಸಾಲನ್ನು ಹುಡುಕಿ ಬರೆದಿಡುತ್ತಾರೆ. ಆ ಗದ್ಯದ ಜಾಗಕ್ಕೆ ಐದಾರು ಸಾಲಿನ ಒಂದು ವಾದ ಬರಲಿ. ಮೇಲ್ಸೇತುವೆ ಕಟ್ಟಿದರೆ ಸಂಚಾರ ದಟ್ಟಣೆ ಇಳಿಯುತ್ತದೆ, ಮೊಬೈಲ್ ನಿಷೇಧಿಸಿದರೆ ಫಲಿತಾಂಶ ಏರುತ್ತದೆ ಎಂಬಂಥದ್ದು. ಮೂರು ಪ್ರಶ್ನೆ ಸಾಕು: ತೀರ್ಮಾನ ಯಾವುದು? ಹೇಳದೆ ಬಿಟ್ಟಿರುವ ಮಾತು ಯಾವುದು? ಯಾವ ಸಂಗತಿ ತಿಳಿದರೆ ನಿನ್ನ ಅಭಿಪ್ರಾಯ ಬದಲಾಗುತ್ತದೆ? ಇವುಗಳಿಗೆ ಉತ್ತರ ಗದ್ಯದಲ್ಲಿ ಸಿಗದು, ಗೈಡಿನಲ್ಲೂ ಸಿಗದು.

ಮೌಲ್ಯಮಾಪನ ಕಷ್ಟವಾಗುತ್ತದೆ, ಒಬ್ಬೊಬ್ಬ ಶಿಕ್ಷಕರು ಒಂದೊಂದು ರೀತಿ ಅಂಕ ಕೊಡುತ್ತಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದರಲ್ಲಿ ಹುರುಳಿದೆ. ಆದರೆ ಪ್ರಬಂಧಕ್ಕೂ ಪತ್ರಲೇಖನಕ್ಕೂ ಇದೇ ತೊಂದರೆಯಿದ್ದರೂ ಅವನ್ನು ಯಾರೂ ಕೈಬಿಟ್ಟಿಲ್ಲ. ಶಿಕ್ಷಣ ಇಲಾಖೆ ಮೊದಲಿಗೆ ಒಂಬತ್ತನೇ ತರಗತಿಯ ಕಿರುಪರೀಕ್ಷೆಗಳಲ್ಲಿ ಇದನ್ನು ಪ್ರಯೋಗಿಸಿ ನೋಡಲಿ; ಪಬ್ಲಿಕ್ ಪರೀಕ್ಷೆಯ ಮಾತು ಆಮೇಲೆ. ಇದಕ್ಕೆ ಹೊಸ ಪಠ್ಯಪುಸ್ತಕ ಬೇಕಿಲ್ಲ, ಹೊಸ ಹುದ್ದೆಯೂ ಬೇಕಿಲ್ಲ. ಅಂದಿನ ಪತ್ರಿಕೆಯ ಸಂಪಾದಕೀಯ ಪುಟವೊಂದಿದ್ದರೆ ಸಾಕು. ಈ ಲೇಖನವನ್ನೂ ಮಕ್ಕಳ ಮುಂದಿಟ್ಟು ಅದೇ ಮೂರು ಪ್ರಶ್ನೆಗಳನ್ನು ಕೇಳಬಹುದು.