‘ನೀರೇ ಬೇಡದ ಗಿಡ’ಗಳ ಕೈತೋಟ: ಫಾರ್ವರ್ಡ್ ಸಂದೇಶ ಹೇಳದೆ ಬಿಡುವುದೇನು?

ಬೇಸಿಗೆ ಶುರುವಾಗುತ್ತಿದ್ದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಮತ್ತೆ ಮತ್ತೆ ಓಡಾಡುತ್ತದೆ. ದಪ್ಪ ಎಲೆಯ, ಬಣ್ಣಬಣ್ಣದ ಪುಟ್ಟ ಗಿಡಗಳ ಚಿತ್ರ. ಕೆಳಗೆ, ಇವಕ್ಕೆ ನೀರೇ ಬೇಡ, ಆರೈಕೆಯೂ ಬೇಡ, ರಾತ್ರಿಯಿಡೀ ಆಮ್ಲಜನಕ ಕೊಡುತ್ತವೆ, ಮನೆಯ ಗಾಳಿಯನ್ನು ಶುದ್ಧ ಮಾಡುತ್ತವೆ ಎಂಬ ಒಕ್ಕಣೆ. ಕೊನೆಗೆ, ಎಲ್ಲರಿಗೂ ಕಳಿಸಿ ನೀರು ಉಳಿಸಿ ಎಂಬ ಮನವಿ.

ಉದ್ದೇಶ ಒಳ್ಳೆಯದೇ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಜನ ಟ್ಯಾಂಕರ್‌ಗಾಗಿ ಕಾಯುತ್ತಿದ್ದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಕಡಿಮೆ ನೀರಿನ ಕೈತೋಟ ಈಗ ಬರೀ ಹವ್ಯಾಸದ ಮಾತಲ್ಲ.

ಆದರೆ ಈ ಸಂದೇಶ ನಂಬಿ ಗಿಡ ತಂದವರು ಮಳೆಗಾಲದ ಹೊತ್ತಿಗೆ ಕುಂಡ ಖಾಲಿ ಮಾಡಿ, ನಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ನಮ್ಮಲ್ಲೂ ಕೆಲವರ ಬಾಲ್ಕನಿಯಲ್ಲಿ ಹೀಗೇ ಆಗಿದೆ. ತಪ್ಪು ಕೈಗುಣದ್ದಲ್ಲ. ಗಿಡ ಬದಲಿಸಿದರೆ ಸಾಕು, ನೀರು ಉಳಿಯುತ್ತದೆ ಎಂಬ ಅರ್ಧ ಮಾತಿನದು. ಉಳಿದರ್ಧ ಏನೆಂದು ನೋಡೋಣ.

ನೀರಿಲ್ಲದೆ ಬದುಕುತ್ತವೆಯೇ?

ಹಲವು ಮನೆಗಳ ಬಾಗಿಲ ಮೇಲೆ ದೃಷ್ಟಿಗೆಂದು ಲೋಳೆಸರವನ್ನು ಬೇರು ಮೇಲಾಗಿ ಕಟ್ಟಿರುವುದನ್ನು ನೀವು ನೋಡಿರುತ್ತೀರಿ. ಮಣ್ಣಿಲ್ಲ, ನೀರಿಲ್ಲ, ಆದರೂ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ನೀರೇ ಬೇಡ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಎನಿಸಬಹುದು.

ಅದರ ಎಲೆಗಳನ್ನು ಸ್ವಲ್ಪ ಗಮನಿಸಿ. ದಿನ ಕಳೆದಂತೆ ತೆಳುವಾಗುತ್ತವೆ, ಸುಕ್ಕಾಗುತ್ತವೆ, ಹೊರಗಿನ ಎಲೆಗಳು ಒಂದೊಂದಾಗಿ ಒಣಗುತ್ತವೆ. ಗಿಡ ಎಲೆಯೊಳಗೆ ಕೂಡಿಟ್ಟ ನೀರನ್ನು ಖರ್ಚು ಮಾಡುತ್ತಿದೆ, ಉಳಿತಾಯದ ಹಣದಲ್ಲಿ ಸಂಸಾರ ನಡೆಸಿದ ಹಾಗೆ. ಎಲೆ, ಕಾಂಡ ಅಥವಾ ಬೇರಿನಲ್ಲಿ ಹೀಗೆ ನೀರು ಕೂಡಿಡುವ ಗಿಡಗಳನ್ನೇ ‘ಸಕ್ಯುಲೆಂಟ್’ ಎನ್ನುವುದು. ಅವು ಬರ ತಾಳುತ್ತವೆ, ನಿಜ. ತಾಳುವುದು ಬೇರೆ, ಬೆಳೆಯುವುದು ಬೇರೆ. ಬೆಳೆಯಲು, ಹೂ ಬಿಡಲು ಅವಕ್ಕೂ ನೀರು ಬೇಕು. ಆದರೆ ದಿನಾ ಸ್ವಲ್ಪಸ್ವಲ್ಪ ಅಲ್ಲ. ಒಮ್ಮೆ ಬೇರಿನವರೆಗೆ ಚೆನ್ನಾಗಿ ಇಳಿಯುವಷ್ಟು ಹಾಕಿ, ಮಣ್ಣು ಪೂರ್ತಿ ಒಣಗುವವರೆಗೆ ಬಿಡಬೇಕು.

ರಾತ್ರಿ ಆಮ್ಲಜನಕ ಕೊಡುತ್ತವೆಯೇ?

ಈ ಮಾತಿನ ಬೇರು ಬೆಂಗಳೂರಿನವರೆಗೂ ಬರುತ್ತದೆ. ಎರಡು ಶತಮಾನಗಳ ಹಿಂದೆ ಲಾಲ್‌ಬಾಗಿನ ಉಸ್ತುವಾರಿ ನೋಡಿಕೊಂಡಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೈನ್, ಭಾರತದಲ್ಲಿದ್ದಾಗ ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಾಯಿಗೆ ಹಾಕಿ ನೋಡಿದ್ದರು. ಬೆಳಗ್ಗೆ ಹುಳಿ, ಮಧ್ಯಾಹ್ನದ ಹೊತ್ತಿಗೆ ರುಚಿಯೇ ಇಲ್ಲ, ಸಂಜೆ ಕಹಿ. ಇದನ್ನು ಅವರು ಬರೆದು ಕಳಿಸಿದ್ದು 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು.

ಕಾರಣ ತಿಳಿದದ್ದು ಎಷ್ಟೋ ಕಾಲದ ನಂತರ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡ್ ಹೀರುತ್ತವೆ. ಆಗ ಒಳಗಿನ ನೀರೂ ಆವಿಯಾಗಿ ಹೊರಹೋಗುತ್ತದೆ. ಹಲವು ಸಕ್ಯುಲೆಂಟ್‌ಗಳು ಬಿಸಿಲಿಗೆ ಬಾಗಿಲು ಹಾಕಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ಆಗ ಒಳಗೆ ಬಂದ ಇಂಗಾಲದ ಡೈಆಕ್ಸೈಡ್ ಆಮ್ಲವಾಗಿ ಶೇಖರವಾಗುತ್ತದೆ. ಬೆಳಗಿನ ಹುಳಿ ಅದರದ್ದೇ. ಹಗಲಿನ ಬೆಳಕಿನಲ್ಲಿ ಆ ಸಂಗ್ರಹವನ್ನು ಗಿಡ ಆಹಾರ ಮಾಡಿಕೊಳ್ಳುತ್ತದೆ.

ಸಂದೇಶ ಎಡವಿದ್ದು ಇಲ್ಲಿ. ರಾತ್ರಿ ಈ ಗಿಡಗಳು ಇಂಗಾಲದ ಡೈಆಕ್ಸೈಡ್ ಒಳಗೆಳೆದುಕೊಳ್ಳುತ್ತವೆ ಎಂಬುದು ಸರಿ. ಆದರೆ ಆಮ್ಲಜನಕ ತಯಾರಾಗಲು ಬೆಳಕು ಬೇಕೇ ಬೇಕು. ಕತ್ತಲಲ್ಲಿ ಯಾವ ಗಿಡವೂ ಅದನ್ನು ತಯಾರಿಸುವುದಿಲ್ಲ. ಈ ರಾತ್ರಿಪಾಳಿ ಇರುವುದು ನಮಗೆ ಉಸಿರು ಕೊಡಲಿಕ್ಕಲ್ಲ, ಗಿಡ ತನ್ನ ನೀರು ಉಳಿಸಿಕೊಳ್ಳಲಿಕ್ಕೆ.

ಗಾಳಿ ಶುದ್ಧೀಕರಣದ ಮಾತಿಗೆ ಆಧಾರವಾಗಿ ನಾಸಾದ 1989ರ ಅಧ್ಯಯನವನ್ನು ಹೆಸರಿಸಲಾಗುತ್ತದೆ. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದರು. ಮಾಮೂಲಿ ಕಟ್ಟಡದಲ್ಲಿ ಗಾಳಿಯಾಟದಿಂದ ಆಗುವಷ್ಟು ಶುದ್ಧೀಕರಣ ಗಿಡಗಳಿಂದ ಆಗಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ ಕನಿಷ್ಠ 10, ಹೆಚ್ಚೆಂದರೆ 1,000 ಗಿಡ ಬೇಕು ಎಂಬುದು ಅವರ ಅಂದಾಜು. ಕಿಟಕಿ ತೆರೆಯುವುದೇ ಸುಲಭ.

ಬೇಸಿಗೆಯಲ್ಲಿ ಬದುಕಿದ್ದು ಮಳೆಗಾಲದಲ್ಲಿ ಸಾಯುವುದೇಕೆ?

ನರ್ಸರಿಯಲ್ಲಿ ಸಿಗುವ ಗುಲಾಬಿಯಾಕಾರದ ಎಚೆವೇರಿಯಾಗಳ ಮುಖ್ಯ ತವರು ಮೆಕ್ಸಿಕೊದ ಎತ್ತರದ ಪ್ರದೇಶಗಳು. ಜೇಡ್ ಮತ್ತು ಹಾವರ್ಥಿಯಾ ದಕ್ಷಿಣ ಆಫ್ರಿಕಾದವು. ಅಲ್ಲಿ ನೀರು ಬಂದಷ್ಟೇ ಬೇಗ ಕಲ್ಲು, ಮರಳಿನ ನಡುವೆ ಬಸಿದು ಹೋಗುತ್ತದೆ.

ನಮ್ಮ ಮಳೆ ಹಾಗಲ್ಲ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ, ಅದರ ಬಹುಪಾಲು ಮೇಯಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಲ್ಲಿ. ಮಂಗಳೂರಿಗೆ 3,500 ಮಿ.ಮೀ.ಗೂ ಹೆಚ್ಚು. ವಾರಗಟ್ಟಲೆ ಮೋಡ, ತೇವ, ಒಣಗದ ಮಣ್ಣು. ಮಣ್ಣಿನ ಕಣಗಳ ನಡುವಿನ ಜಾಗದಲ್ಲೆಲ್ಲ ನೀರು ತುಂಬಿಕೊಂಡರೆ ಬೇರಿಗೆ ಗಾಳಿ ಸಿಗದು. ಉಸಿರುಗಟ್ಟಿದ ಬೇರಿಗೆ ಶಿಲೀಂಧ್ರ ಹತ್ತುತ್ತದೆ, ಗಿಡ ಬುಡದಿಂದ ಕೊಳೆಯುತ್ತದೆ.

ಹಾಗಾಗಿ ನಮ್ಮಲ್ಲಿ ಸಕ್ಯುಲೆಂಟ್ ತೋಟವನ್ನು ಬೇಸಿಗೆಗಿಂತ ಹೆಚ್ಚಾಗಿ ಮಳೆಗಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಬೇಕು. ಮಳೆ ನೇರವಾಗಿ ಬೀಳದ, ಆದರೆ ಬೆಳಕು ಬರುವ ಸಜ್ಜೆಯ ಕೆಳಗೆ ಅವುಗಳಿಗೆ ಜಾಗ ಮಾಡಿ.

ರೋಗ ಗುರುತಿಸುವುದೂ ಮುಖ್ಯ. ಎಲೆ ಸುಕ್ಕಾಗಿ ತೆಳುವಾದರೆ ಬಾಯಾರಿಕೆ. ಎಲೆ ಮೆತ್ತಗಾಗಿ, ಹಳದಿಯಾಗಿ, ಒಳಗೆ ನೀರು ತುಂಬಿದಂತೆ ಕಂಡು, ಮುಟ್ಟಿದರೆ ಉದುರಿದರೆ ನೀರು ಹೆಚ್ಚಾಗಿದೆ. ಎರಡನೆಯದನ್ನು ಬಾಡಿದೆ ಎಂದು ತಿಳಿದು ಇನ್ನಷ್ಟು ನೀರು ಹಾಕುವುದೇ ಗಿಡ ಸಾಯುವ ಸಾಮಾನ್ಯ ದಾರಿ.

ಏಳು ಸೂತ್ರಗಳಲ್ಲಿ ಗಿಡದ ಆಯ್ಕೆ ಒಂದೇ

ಕಡಿಮೆ ನೀರಿನ ತೋಟಗಾರಿಕೆಗೆ ‘ಜೆರಿಸ್ಕೇಪ್’ ಎಂಬ ಹೆಸರಿದೆ. ಗ್ರೀಕ್ ಭಾಷೆಯ ‘ಒಣ’ ಎಂಬರ್ಥದ ಪದದಿಂದ 1981ರಲ್ಲಿ ಇದನ್ನು ರೂಪಿಸಿದ್ದು ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆ. ಅಲ್ಲಿ ವರ್ಷಕ್ಕೆ ಬೀಳುವುದು ಸುಮಾರು 370 ಮಿ.ಮೀ. ಮಾತ್ರ. ಇದರ ಸೂತ್ರಗಳು ಏಳು: ಮೊದಲೇ ಯೋಜನೆ, ಮಣ್ಣಿನ ಸುಧಾರಣೆ, ಹುಲ್ಲುಹಾಸಿಗೆ ಮಿತಿ, ಸೂಕ್ತ ಗಿಡದ ಆಯ್ಕೆ, ಸರಿಯಾದ ನೀರುಣಿಕೆ, ಮಣ್ಣಿಗೆ ಹೊದಿಕೆ, ನಿರ್ವಹಣೆ. ಫಾರ್ವರ್ಡ್ ಸಂದೇಶ ಹೇಳುವುದು ಈ ಏಳರಲ್ಲಿ ಒಂದನ್ನು ಮಾತ್ರ.

ಹುಲ್ಲುಹಾಸಿನ ಲೆಕ್ಕವನ್ನೇ ನೋಡಿ. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲಿಗೆ ದಿನಕ್ಕೆ ಸುಮಾರು 4 ಲೀಟರ್ ಎಂದುಕೊಳ್ಳೋಣ. ಹತ್ತಡಿ ಅಗಲ ಹತ್ತಡಿ ಉದ್ದದ ಹುಲ್ಲುಹಾಸಿಗೆ ದಿನಕ್ಕೆ 37 ಲೀಟರ್, ತಿಂಗಳಿಗೆ 1,100 ಲೀಟರ್ ದಾಟುತ್ತದೆ. ಆ ಹುಲ್ಲನ್ನು ಹಾಗೇ ಇಟ್ಟುಕೊಂಡು ಪಕ್ಕದಲ್ಲಿ ಹತ್ತು ಸಕ್ಯುಲೆಂಟ್ ಇಟ್ಟರೆ ನೀರು ಉಳಿಯುವುದಿಲ್ಲ.

ಹಾಗಾದರೆ ಹೇಗೆ ಜೋಡಿಸಬೇಕು?

ನೀರಿನ ಅಗತ್ಯದ ಪ್ರಕಾರ ಗುಂಪು ಮಾಡಿ. ತುಳಸಿ, ಕೊತ್ತಂಬರಿ, ಪುದೀನದಂಥ ಹೆಚ್ಚು ನೀರು ಕೇಳುವವು ನಲ್ಲಿಯ ಹತ್ತಿರ ಒಂದು ಕಡೆ. ವಾರಕ್ಕೊಮ್ಮೆ ಎರಡು ಸಲ ಸಾಕೆನ್ನುವವು ಇನ್ನೊಂದು ಕಡೆ. ಮಣ್ಣು ಒಣಗಿದ ಮೇಲಷ್ಟೇ ನೀರು ಬೇಕಾದ ಸಕ್ಯುಲೆಂಟ್‌ಗಳು ಮೂರನೆಯ ಕಡೆ. ಮೂರೂ ಬೆರೆತರೆ ಒಂದೇ ಪೈಪಿನಲ್ಲಿ ಎಲ್ಲಕ್ಕೂ ನೀರು ಹಾಯಿಸುತ್ತೇವೆ, ಅರ್ಧ ಕೊಳೆಯುತ್ತವೆ, ಅರ್ಧ ಒಣಗುತ್ತವೆ.

ಪರಿಚಿತ ಗಿಡಗಳನ್ನು ಮರೆಯಬೇಡಿ. ನಿತ್ಯಪುಷ್ಪ, ದೇವಕಣಗಿಲೆ, ಕಾಗದದ ಹೂ, ದೊಡ್ಡಪತ್ರೆ, ಮಂಗರಬಳ್ಳಿ, ಲೋಳೆಸರ, ನೆಲದಲ್ಲಾದರೆ ದಾಳಿಂಬೆ, ನುಗ್ಗೆ. ಇವುಗಳಲ್ಲಿ ಕೆಲವು ಹೊರಗಿನಿಂದ ಬಂದವಾದರೂ ಒಮ್ಮೆ ಬೇರೂರಿದರೆ ನಮ್ಮ ಬಿಸಿಲು ಮಳೆ ಎರಡನ್ನೂ ತಾಳುತ್ತವೆ. ನೆರೆಮನೆಯವರಿಂದ ಒಂದು ಕಡ್ಡಿ ಕೇಳಿ ನೆಟ್ಟರೂ ಹಲವು ಬರುತ್ತವೆ. ಆದರೆ ಮೊದಲ ಕೆಲವು ತಿಂಗಳು ಇವಕ್ಕೂ ನಿಯಮಿತ ನೀರು ಬೇಕು.

ಮಣ್ಣು ಬಸಿಯುವಂತಿರಲಿ. ನರ್ಸರಿಯಿಂದ ಬರುವ ಗಿಡ ಎಷ್ಟೋ ಸಲ ತೆಂಗಿನ ನಾರಿನ ಪುಡಿಯಲ್ಲಿರುತ್ತದೆ. ಅದು ನೀರನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಸಕ್ಯುಲೆಂಟ್‌ಗೆ ಕೆಂಪು ಮಣ್ಣಿನ ಜೊತೆ ಅಷ್ಟೇ ಪ್ರಮಾಣದ ದಪ್ಪ ಮರಳು ಅಥವಾ ಇಟ್ಟಿಗೆ ಚೂರು, ಸ್ವಲ್ಪ ಹಳೆಯ ಗೊಬ್ಬರ ಬೆರೆಸಿ. ಕುಂಡದ ತಳದಲ್ಲಿ ಜಲ್ಲಿ ಹಾಸಿದರೆ ನೀರು ಬಸಿಯುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ನೀರು ಸಣ್ಣ ಕಣಗಳ ಮಣ್ಣಿನಿಂದ ದಪ್ಪ ಜಲ್ಲಿಗೆ ಸುಲಭವಾಗಿ ಇಳಿಯುವುದಿಲ್ಲ, ಮಣ್ಣು ಪೂರ್ತಿ ನೆನೆಯುವವರೆಗೆ ಅದರ ಮೇಲೇ ನಿಲ್ಲುತ್ತದೆ. ಬೇಕಾದ್ದು ಬಸಿಯುವ ಮಣ್ಣು ಮತ್ತು ತಳದಲ್ಲಿ ತೂತು. ತೂತಿಲ್ಲದ ಗಾಜಿನ ಬಟ್ಟಲು ಫೋಟೋಗೆ ಚೆಂದ ಅಷ್ಟೇ. ಮಣ್ಣಿನ ಕುಂಡ ಪಕ್ಕದಿಂದಲೂ ತೇವ ಬಿಡುವುದರಿಂದ ಸಕ್ಯುಲೆಂಟ್‌ಗೆ ಒಳ್ಳೆಯದು, ಬೇಗ ಒಣಗಿ ಬಾಡುವ ಗಿಡಗಳಿಗೆ ಪ್ಲಾಸ್ಟಿಕ್ ಕುಂಡವೇ ಅನುಕೂಲ.

ಹೊದಿಕೆ ಹಾಕಿ. ಬೇರೆ ಗಿಡಗಳ ಬುಡಕ್ಕೆ ಒಣ ಎಲೆ, ತೆಂಗಿನ ಸಿಪ್ಪೆ ಮುಚ್ಚಿದರೆ ಮಣ್ಣಿನ ತೇವ ಆವಿಯಾಗುವುದು ಕಡಿಮೆಯಾಗುತ್ತದೆ. ಸಕ್ಯುಲೆಂಟ್ ಬುಡಕ್ಕೆ ಇದು ಬೇಡ, ಸಣ್ಣ ಕಲ್ಲು ಸಾಕು.

ಬಳಸಿದ ನೀರು ಬಳಸಿ, ಎಚ್ಚರದಿಂದ. ಅಕ್ಕಿ, ತರಕಾರಿ ತೊಳೆದ ನೀರು ಗಿಡಕ್ಕೆ ಹಾಕಬಹುದು. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಲವಣ ಹೆಚ್ಚು. ಅದನ್ನೇ ದಿನಾ ಕುಂಡಕ್ಕೆ ಹಾಕಿದರೆ ಲವಣ ಮಣ್ಣಿನಲ್ಲಿ ಶೇಖರವಾಗುತ್ತದೆ. ನೆಲ ಒರೆಸಲು ಬಳಸಿ, ಗಿಡಕ್ಕೆ ಹಾಕುವುದಾದರೆ ನಡುನಡುವೆ ಮಳೆನೀರೋ ಮಾಮೂಲಿ ನೀರೋ ಹಾಕಿ. 1,000 ಚದರ ಅಡಿ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 900 ಲೀಟರ್‌ಗೂ ಹೆಚ್ಚು ನೀರು ಬೀಳುತ್ತದೆ. ಒಂದು ಡ್ರಮ್ ತುಂಬಿಟ್ಟರೂ ಲಾಭವೇ. ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಇರಲಿ, ಕುಂಡದ ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ. ಡೆಂಗಿ ಹರಡುವ ಸೊಳ್ಳೆ ಅಷ್ಟೇ ನೀರಿನಲ್ಲಿ ಮರಿ ಮಾಡುತ್ತದೆ.

ಮಕ್ಕಳಿರುವ ಮನೆಯಲ್ಲಿ ಇದನ್ನು ತಪ್ಪದೆ ಓದಿ

ಮುಳ್ಳಿನ ಗಿಡ ಇಟ್ಟರೆ ಮನೆಯಲ್ಲಿ ಜಗಳ ಎಂಬ ಸಂದೇಶವೂ ಓಡಾಡುತ್ತದೆ. ಜಗಳಕ್ಕೆ ಗಿಡ ಕಾರಣ ಎನ್ನಲು ಆಧಾರವಿಲ್ಲ. ಆದರೆ ಬೇರೊಂದು ನಿಜವಾದ ಅಪಾಯವಿದೆ. ‘ಕ್ಯಾಕ್ಟಸ್’ ಎಂದು ಮಾರುವ ಹಲವು ಗಿಡಗಳು ಕ್ಯಾಕ್ಟಸ್ ಅಲ್ಲ, ನಮ್ಮ ಹಳ್ಳಿಯ ಬೇಲಿಯ ಕಳ್ಳಿಯ ಬಳಗದವು. ಪೆನ್ಸಿಲ್ ಕ್ಯಾಕ್ಟಸ್ ಹೀಗೊಂದು. ಮುರಿದರೆ ಬಿಳಿ ಹಾಲು ಬರುತ್ತದೆ. ಅದು ಕಣ್ಣಿಗೆ ತಾಗಿದರೆ ತೀವ್ರ ಉರಿ, ಕಣ್ಣಿನ ಪಾರದರ್ಶಕ ಪೊರೆಗೆ ಗಾಯ, ಕೆಲವೊಮ್ಮೆ ತಾತ್ಕಾಲಿಕವಾಗಿ ದೃಷ್ಟಿ ಮಂಕಾಗುವುದೂ ಉಂಟು. ಕತ್ತರಿಸುವಾಗ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಹಾಲು ಕಣ್ಣಿಗೆ ಬಿದ್ದರೆ ಕೂಡಲೇ ಶುದ್ಧ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಿ. ಮನೆಮದ್ದು ಬೇಡ.

ಅಡೆನಿಯಂ, ಕಣಗಿಲೆಗಳ ರಸ ಹೊಟ್ಟೆಗೆ ಹೋದರೆ ಹೃದಯಕ್ಕೆ ಅಪಾಯ. ಮೂತ್ರಕೋಶದ ಕಲ್ಲಿಗೆ ಮದ್ದು ಎಂದು ಫಾರ್ವರ್ಡ್ ಆಗುವ ಕಾಡುಬಸಳೆಯಲ್ಲೂ ಹೃದಯದ ಮೇಲೆ ಪರಿಣಾಮ ಬೀರುವ ಅಂಶಗಳಿವೆ. ಅದನ್ನು ಮೇಯ್ದು ಜಾನುವಾರುಗಳು ಸತ್ತದ್ದು ಆಸ್ಟ್ರೇಲಿಯಾದಲ್ಲಿ ದಾಖಲಾಗಿದೆ. ವೈದ್ಯರನ್ನು ಕೇಳದೆ ಸಂದೇಶ ನೋಡಿ ತಿನ್ನಬೇಡಿ.

ಫಾರ್ವರ್ಡ್ ಮಾಡುವ ಮುನ್ನ

ಸಕ್ಯುಲೆಂಟ್‌ಗಳು ಒಳ್ಳೆಯ ಗಿಡಗಳೇ. ಒಂದು ವಾರ ಊರಿಗೆ ಹೋಗಿ ಬಂದರೂ ಕಾಯುತ್ತವೆ. ಆದರೆ ನೀರು ಉಳಿಸುವುದು ಗಿಡವೊಂದೇ ಅಲ್ಲ, ಅದನ್ನು ಎಲ್ಲಿಟ್ಟಿರಿ, ಯಾವ ಮಣ್ಣಿನಲ್ಲಿಟ್ಟಿರಿ, ಯಾವುದರ ಪಕ್ಕದಲ್ಲಿಟ್ಟಿರಿ ಎಂಬುದೂ ಹೌದು. ಆ ಸಂದೇಶ ಮತ್ತೆ ಬಂದರೆ ಹಾಗೇ ಮುಂದೆ ಕಳಿಸುವ ಬದಲು ಇಷ್ಟು ಸೇರಿಸಿ ಕಳಿಸಿ: ‘ಇವಕ್ಕೆ ನೀರು ಕಡಿಮೆ ಸಾಕು, ಬೇಡವೇ ಬೇಡ ಎಂದಲ್ಲ. ಬೆರಳಿಟ್ಟು ನೋಡಿ, ಮಣ್ಣು ಒಣಗಿದ ಮೇಲೆ ಹಾಕಿ. ಮಳೆಯಲ್ಲಿ ಇಡಬೇಡಿ. ಹಾಲು ಬರುವ ಗಿಡವನ್ನು ಮಕ್ಕಳ ಕೈಗೆ ಸಿಗದಂತಿಡಿ.’