ಜೆಕ್ಕರ ಸಿಂಹಾಸನ, ಜಾವಾದ ಜಗಲಿ

ತುಳುವಿಗೆ ಮಾನ್ಯತೆ ಕೊಡಿ ಎಂದು ಮನವಿ ಹಿಡಿದು ಓಡಾಡುವವರಿಗೆ ಮೊದಲು ಒಂದು ಲೆಕ್ಕ ಒಪ್ಪಿಸುತ್ತೇನೆ. ಇಂಡೋನೇಷ್ಯಾದ ಜಾವಾ ಭಾಷೆ ಆಡುವವರು ಸುಮಾರು 8 ಕೋಟಿ. ಜೆಕ್ ಆಡುವವರು ಒಂದು ಕೋಟಿಯ ಆಸುಪಾಸು. ಜೆಕ್‌ಗೆ ದೇಶವಿದೆ, ವಿಶ್ವವಿದ್ಯಾಲಯಗಳಿವೆ, 2004ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳ ಸಾಲಿನಲ್ಲಿ ಜಾಗವೂ ಇದೆ. ಜಾವಾ ಭಾಷೆಗೆ? 1945ರ ಸಂವಿಧಾನ ಇಂಡೋನೇಷ್ಯನ್ನನ್ನು ದೇಶಭಾಷೆ ಮಾಡಿತು. ಜಾವಾ ಭಾಷೆ ಶಾಲೆಯ ವೇಳಾಪಟ್ಟಿಯಲ್ಲಿ 'ಸ್ಥಳೀಯ ವಿಷಯ'ವಾಗಿ ಉಳಿಯಿತು. ಯೋಗ್ಯಕರ್ತಾದ ಬೀದಿ ಫಲಕಗಳಲ್ಲಿ ಲ್ಯಾಟಿನ್ ಅಕ್ಷರದ ಕೆಳಗೆ ಅದರ ಹಳೆಯ ಲಿಪಿ ಅಲಂಕಾರಕ್ಕೆ ಕೂತಿದೆ. ತಲೆ ಎಣಿಸಿ ಭಾಷೆಗೆ ಕುರ್ಚಿ ಹಾಕುವ ಪದ್ಧತಿ ಲೋಕದಲ್ಲಿಲ್ಲ.

ನಮ್ಮಲ್ಲೂ ಇಲ್ಲ. 2011ರ ಜನಗಣತಿಯಲ್ಲಿ ತುಳು ನಮ್ಮ ಮಾತು ಅಂದವರು 18,46,427. ಮಣಿಪುರಿಗೆ ಹದಿನೇಳೂವರೆ ಲಕ್ಷ ಚಿಲ್ಲರೆ, ಬೋಡೊಗೆ ಹದಿನೈದು ಲಕ್ಷವೂ ಇಲ್ಲ, ಸಂಸ್ಕೃತಕ್ಕೆ 24,821. ಮೂರೂ ಸಂವಿಧಾನದ ಎಂಟನೇ ಪರಿಚ್ಛೇದದ ಒಳಗೆ, ತುಳು ಅಂಗಳದಲ್ಲಿ. ಮಣಿಪುರಿ, ಬೋಡೊ ಒಳಗಿರುವುದಕ್ಕೆ ನನ್ನ ತಕರಾರಿಲ್ಲ, ಅವರು ಹೋರಾಡಿ ಗಳಿಸಿಕೊಂಡರು. ಚುನಾವಣೆ ಬಂದಾಗ ವೇದಿಕೆ ಮೇಲೆ ನಾಲ್ಕು ವಾಕ್ಯ ತುಳು ಆಡಿ, ಗೆದ್ದಮೇಲೆ ಅದನ್ನು ನುಂಗಿಕೊಳ್ಳುವವರ ಮೇಲೆ ತಕರಾರಿದೆ.

ಆದರೆ ಸಿಟ್ಟು ದೆಹಲಿಗೆ ಹೋಗಿ ಅಲ್ಲೇ ತಂಗುವುದಿಲ್ಲ. ಉಡುಪಿ-ಕಾರ್ಕಳ ರಸ್ತೆ ಹಿಡಿದು ಹಿರಿಯಡ್ಕ ಪೇಟೆಯಲ್ಲೇ ಇಳಿಯುತ್ತದೆ. ಇಲ್ಲಿ ಬಸ್ಸಿಳಿದ ಎಪ್ಪತ್ತು ದಾಟಿದ ಕೂಲಿ ಮನುಷ್ಯನನ್ನು ದೊಡ್ಡ ಮನೆಯ ಮೊಮ್ಮಗ, ಮಣಿಪಾಲದಲ್ಲಿ ಓದುವ ಹುಡುಗ, ಬೈಕಿನಿಂದ ಇಳಿಯದೆ ಕೇಳುತ್ತಾನೆ: "ಈ ಓಡೆ ಪೋಪ?" ನೀನೆಲ್ಲಿಗೆ ಹೋಗುತ್ತಿ ಅಂತ. ಮುದುಕ ಹೆಗಲ ಬೈರಾಸು ಇಳಿಸಿ ತಿರುಗಿ ಕೇಳುತ್ತಾನೆ: "ಈರ್ ಓಡೆ ಪೋಪರ್?" ನೀವೆಲ್ಲಿಗೆ ಅಂತ. ಬಹುವಚನ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಇಳಿಯುವಾಗ ಏಕವಚನ. ಹುಡುಗನ ಬೈಕಿನ ಮೇಲೆ 'ಜೈ ತುಳುನಾಡು' ಸ್ಟಿಕ್ಕರ್.

ಜಾವಾದಲ್ಲಿ ಈ ರೋಗ ಶಾಸ್ತ್ರವಾಗಿ ಬೆಳೆದಿತ್ತು. ಕೆಳಗಿನವರೊಡನೆ ಆಡುವುದು ಙೊಕೊ, ಮೇಲಿನವರೊಡನೆ ಕ್ರಮಾ. ಉಣ್ಣುವುದು ಒಂದೇ ಕೆಲಸವಾದರೂ ಸಲಿಗೆಯಲ್ಲಿ 'ಮಾಂಗಾನ್', ಮರ್ಯಾದೆಯಲ್ಲಿ 'ನೆಡಾ', ದೊಡ್ಡವರು ಉಂಡರೆ 'ಡಾಹಾರ್'. ಬಾಯಿ ತೆರೆಯುವ ಮೊದಲು ಎದುರಿನವನ ಅಂತಸ್ತು ಅಳೆಯಲೇಬೇಕು. 1890ರ ಸುಮಾರಿಗೆ ಬ್ಲೋರಾ ಸೀಮೆಯ ರೈತ ಸಾಮಿನ್ ಸುರೊಸೆಂಟಿಕೊ ಇದಕ್ಕೆ ತಿರುಗಿ ನಿಂತ. ಜಾವಾವನ್ನು ಆಳುತ್ತಿದ್ದ ಡಚ್ಚರು ತೇಗದ ಕಾಡನ್ನು ಸರ್ಕಾರದ್ದು ಅಂದರು. ಅವನ ಜನ ತೆರಿಗೆ ಕೊಡುವುದಿಲ್ಲ ಅಂದರು. ಜತೆಗೆ ಅಧಿಕಾರಿಗಳ ಮುಂದೆಯೂ ಕ್ರಮಾ ಬಿಟ್ಟು ಙೊಕೊದಲ್ಲೇ ಮಾತಾಡಿದರು. 1907ರಲ್ಲಿ ಅವನನ್ನು ಗಡೀಪಾರು ಮಾಡಿದರು. 1917ರಲ್ಲಿ ಸುರಬಾಯಾದಲ್ಲಿ ಓದಿದವರೇ ಕ್ರಮಾ ರದ್ದಾಗಲಿ ಎಂದು ಚಳವಳಿ ಹೂಡಿದರು, ಅದು ಗೆಲ್ಲಲಿಲ್ಲ. 1928ರ ಅಕ್ಟೋಬರಿನಲ್ಲಿ ಬಟಾವಿಯಾದಲ್ಲಿ ಸೇರಿದ ಯುವಕರು ಒಗ್ಗಟ್ಟಿನ ಭಾಷೆಯಾಗಿ ಮಲಯ ಮೂಲದ ಮಾತನ್ನು ಆರಿಸಿಕೊಂಡರು. ಜಗಲಿಯ ಮೆಟ್ಟಿಲು ಎಣಿಸುವ ಭಾಷೆಯಲ್ಲಿ ಸಮಾನರ ದೇಶ ಕಟ್ಟುವುದು ಕಷ್ಟ ಅನ್ನುವುದೂ ಅದಕ್ಕೊಂದು ಕಾರಣ.

ಅದೇ 1928ರಲ್ಲಿ ಉಡುಪಿಯಲ್ಲಿ ಎಸ್. ಯು. ಪಣಿಯಾಡಿಯವರು ತುಳುವ ಮಹಾಸಭೆ ಕಟ್ಟಿದರು. 1932ಕ್ಕೆ ತುಳು ವ್ಯಾಕರಣವನ್ನೂ ಬರೆದರು. ದೊಡ್ಡ ಕೆಲಸ, ಒಪ್ಪಿದೆ. ಆದರೆ ಈ ಸೀಮೆಯ ತುಳು ವ್ಯಾಕರಣಕ್ಕೆ ನಿಜವಾದ ತಿದ್ದುಪಡಿ ತಂದದ್ದು ತುಳು ಮನೆಮಾತಲ್ಲದ ದೇವರಾಜ ಅರಸು. 1974ರ ಭೂಸುಧಾರಣೆಯ ಮೇಲೆ ಗೇಣಿ ಒಕ್ಕಲುಗಳು ಡಿಕ್ಲರೇಷನ್ ಕೊಟ್ಟರು, ಟ್ರಿಬ್ಯುನಲ್ ಮುಂದೆ ಧಣಿಯ ಎದುರೇ ನಿಂತರು. ಗದ್ದೆ ಕೈಗೆ ಬಂದ ಮನೆಗಳಲ್ಲಿ ಸೊಂಟ ನೆಟ್ಟಗಾಯಿತು, ನಾಲಿಗೆಯೂ. ಡಿಕ್ಲರೇಷನ್ ಕೊಡಲು ಗೇಣಿ ಗದ್ದೆಯೂ ಇಲ್ಲದ ಮೂಲದಾಳಿನ ಮನೆಗಳಲ್ಲಿ 'ಈರ್' ಇವತ್ತಿಗೂ ಒಮ್ಮುಖ ರಸ್ತೆ.

ನಮ್ಮ ತುಳು ಮುಖಂಡರಿಗೆ ಬಾಯಿಪಾಠವಾಗಿರುವುದು ಜೆಕ್ಕರ ಕತೆಯಂಥದ್ದು: ತುಳಿದರು, ಎದ್ದರು, ಗೆದ್ದರು. ಎದ್ದದ್ದು ಹೇಗೆ ಅಂತಲೂ ಓದಿ. ಜರ್ಮನ್ ಆಡುವ ಆಸ್ಟ್ರಿಯಾದ ಆಡಳಿತದ ಕೆಳಗೆ ಜೆಕ್ ವಿದ್ವಾಂಸ ಯೂಂಗ್ಮನ್ ಐದು ಸಂಪುಟಗಳ ನಿಘಂಟನ್ನು 1835ರಿಂದ 1839ರೊಳಗೆ ಮುಗಿಸಿದ. ಪ್ರಾಗ್‌ನಲ್ಲಿ ತಮ್ಮ ಭಾಷೆಗೊಂದು ರಾಷ್ಟ್ರೀಯ ರಂಗಮಂದಿರ ಬೇಕೆಂದು ಜನ ಕಾಸು ಕೂಡಿಸಿದರು. 1881ರಲ್ಲಿ ಅದು ತೆರೆಯಿತು, ಕೆಲವೇ ವಾರಗಳಲ್ಲಿ ಬೆಂಕಿಗೆ ಬಿತ್ತು. ಮತ್ತೆ ಕಾಸು ಕೂಡಿಸಿದರು. 1883ಕ್ಕೆ ಮತ್ತೆ ತೆರೆದರು. ನಿಘಂಟು ನಮ್ಮಲ್ಲೂ ಇದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟ, 1988ರಿಂದ 1997. ಹಿರಿಯಡ್ಕದ ಎಷ್ಟು ಮನೆಗಳಲ್ಲಿ ಅದಿದೆ? ಬ್ರಹ್ಮಕಲಶದ ರಸೀದಿ ಪುಸ್ತಕ ಹಿಡಿದು ಮಳೆಯಲ್ಲೂ ಬಾಗಿಲು ತಟ್ಟುವ ನಾವು ತುಳು ಪುಸ್ತಕಕ್ಕೆಂದು ಒಂದು ದಿನವಾದರೂ ಗೇಟು ತೆರೆದದ್ದುಂಟೇ?

ಲಿಪಿಗೆ ಮಾತ್ರ ಭಾರಿ ಉತ್ಸಾಹ. 2024ರಲ್ಲಿ ತುಳು-ತಿಗಳಾರಿ ಯೂನಿಕೋಡ್ ಸೇರಿತು, ಬೋರ್ಡುಗಳು ಎದ್ದಿವೆ. ಒಳ್ಳೆಯದೇ. ಆದರೆ ಆ ಲಿಪಿ ಶತಮಾನಗಳ ಕಾಲ ಬರೆದದ್ದು ಹೆಚ್ಚಾಗಿ ಸಂಸ್ಕೃತವನ್ನು, ಮಠ ಮತ್ತು ಅಗ್ರಹಾರಗಳ ಒಳಗೆ. ತುಳುವಿನ ಜನಪದ ಮಹಾಕಾವ್ಯ ಉಳಿದದ್ದು ನೇಜಿ ನೆಡುವ ಹೆಂಗಸರ ಬಾಯಲ್ಲಿ. ದೈವದ ನೇಮ ಕಟ್ಟುವ ನಲಿಕೆ, ಪಂಬದ, ಪರವರ ಪಾಡ್ದನದಲ್ಲಿ. ಅವರಿಗೆ ಅಕ್ಷರ ತೋರಿಸದ ಲಿಪಿಯನ್ನು ಈಗ ಅವರ ಹೆಸರಲ್ಲೇ ಮೆರೆಸುತ್ತಿದ್ದೇವೆ. ನೇಮದ ರಾತ್ರಿ ಅಣಿ ಕಟ್ಟಿ ನಿಂತವನ ತುಳುವಿಗೆ ಗುತ್ತಿನ ಯಜಮಾನ ಕೈಮುಗಿಯುತ್ತಾನೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಅವನಿಗೆ ಚಾ ಸಿಗುವುದು ಚಾವಡಿಯ ಹೊರಗೆ, ಏಕವಚನದ ಜತೆ.

ಅಂದರೆ ನಮಗೆ ಬೇಕಿರುವುದು ಜೆಕ್ಕರ ಸಿಂಹಾಸನ, ಬಿಡಲಾಗದ್ದು ಜಾವಾದ ಜಗಲಿ. ಕನ್ನಡ ನಮ್ಮನ್ನು ಕೆಳಗೆ ಕೂರಿಸಿತು ಎಂದು ದೂರುವ ನಾಲಿಗೆಯೇ (ಈ ದೂರನ್ನು ನಾನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಇರಲಿ) ಕೊರಗರನ್ನು ಎಲ್ಲಿ ಕೂರಿಸಿದೆ? ಮೇಲ್ಜಾತಿಯವರ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ಕೊರಗರಿಗೆ ತಮ್ಮದೇ ಭಾಷೆಯಿದೆ. ತುಳುವಿಗೆ ಮಾನ್ಯತೆ ಕೇಳಿ ನನ್ನ ಕಣ್ಣಮುಂದೆ ಹಾದುಹೋದ ಮನವಿಗಳಲ್ಲಿ ಅದರ ಹೆಸರು ಒಂದರಲ್ಲೂ ಇರಲಿಲ್ಲ. ಮುಂದಿನ ಸಲ ಸಹಿ ಕೇಳಲು ಬರುವವರು ಅದನ್ನು ಸೇರಿಸಿಕೊಂಡೇ ಬನ್ನಿ. ಪೆನ್ನು ಆಮೇಲೆ ತೆಗೆಯುತ್ತೇನೆ.